ಹಳದಿ ಪಟ್ಟಿಯ ಆಚೆ ಸೈಲಸ್

“ಎಜ್ರಾ! ಬಾವುಟ ಕೀಳಬೇಡ ಅಂದ್ನಲ್ಲಾ!”

ಓಪಲ್ ಕೂಗುವಷ್ಟರಲ್ಲಿ ಅವಳ ತಮ್ಮ ಕಿತ್ತೇಬಿಟ್ಟಿದ್ದ. ಕಿತ್ತಳೆ ಬಣ್ಣದ ಪುಟ್ಟ ಬಾವುಟವನ್ನು ತಲೆಯ ಮೇಲೆ ಆಡಿಸುತ್ತ ಪೈನ್ ಮರಗಳ ನಡುವೆ ಓಡತೊಡಗಿದ್ದ.

“ನಾನು ರೇಸ್ ಕಾರ್! ವ್ರೂಂ! ಯಾರೂ ಹಿಡಿಯಕ್ಕಾಗಲ್ಲ!”

ಓಪಲ್ ಹಿಂದೆಯೇ ಓಡಿ ಅವನ ಸ್ವೆಟರಿನ ಟೋಪಿ ಹಿಡಿದು ನಿಲ್ಲಿಸಿದಳು. ಎಜ್ರಾ ಸುಮ್ಮನಿರುವ ಹುಡುಗನಲ್ಲ. ಅಲ್ಲಿಯೇ ಎಲೆಗಳ ಮೇಲೆ ಬಿದ್ದು ಕಾಲು ಝಾಡಿಸಿದ.

“ನಂದು! ನಾನ್ ಕಿತ್ತಿದ್ದು, ನಂದು!”

ರಬ್ಬರ್ ಬೂಟು ಹಾಕಿದ ಒಬ್ಬ ಹೆಂಗಸು ಅತ್ತ ಬಂದರು. ಕೊರಳಲ್ಲಿ ಕೌಂಟಿ ಆಫೀಸಿನ, ಅಂದರೆ ಜಿಲ್ಲಾ ಕಚೇರಿಯ, ಗುರುತಿನ ಚೀಟಿ ತೂಗುತ್ತಿತ್ತು. ಅವರ ಹೆಸರು ಮಿಸ್ ಹೋಲ್ಡರ್. ಈ ಹಳೆಯ ಸ್ಮಶಾನದ ಸರ್ವೆಗೆ ಕೌಂಟಿಯವರು ಅವರನ್ನೇ ಕಳಿಸಿದ್ದರು. ಈಗ ಬಯ್ಗುಳ ಬೀಳುತ್ತದೆ ಎಂದು ಓಪಲ್ ಉಸಿರು ಬಿಗಿಹಿಡಿದಳು.

ಮಿಸ್ ಹೋಲ್ಡರ್ ಬಯ್ಯಲಿಲ್ಲ. ಎಜ್ರಾನ ಎದುರು ಕುಕ್ಕರುಗಾಲಲ್ಲಿ ಕುಳಿತರು.

“ಇದನ್ನ ಎಲ್ಲಿಂದ ಕಿತ್ತಿದ್ದು ಅಂತ ನೆನಪಿದೆಯಾ, ಸಾಹೇಬ್ರೇ?”

ಎಜ್ರಾ ಅಳು ನಿಲ್ಲಿಸಿದ. ಅವನನ್ನು ಯಾರೂ ಸಾಹೇಬ್ರೇ ಎಂದು ಕರೆದಿರಲಿಲ್ಲ. ಎದ್ದು, ಗತ್ತಿನಿಂದ ನಡೆದುಹೋಗಿ ಒಂದು ಕಡೆ ಬೆರಳು ತೋರಿಸಿದ. ಅಲ್ಲಿ ನೆಲ ಉದ್ದಕ್ಕೆ ತೊಟ್ಟಿಲಿನ ಹಾಗೆ ತುಸು ತಗ್ಗಾಗಿತ್ತು. ತಗ್ಗಿನ ತುಂಬ ಪೈನ್ ಮರದ ಸೂಜಿಯೆಲೆಗಳು.

“ಸರಿಯಾಗಿ ತೋರಿಸಿದೆ. ಹಾಕು ನೋಡೋಣ ವಾಪಸ್. ಒಂದೊಂದು ಬಾವುಟಕ್ಕೂ ಒಬ್ಬೊಬ್ಬರು ಇದಾರೆ ಕಣೋ ಕೆಳಗೆ. ಒಂದು ಕಿತ್ತುಬಿಟ್ರೆ ನಮ್ಮ ಮ್ಯಾಪಿನಲ್ಲಿ ಒಬ್ಬರು ಕಮ್ಮಿ ಆಗ್ತಾರೆ.”

ಎಜ್ರಾ ಬಾವುಟವನ್ನು ಮಣ್ಣಿಗೆ ಚುಚ್ಚಿದ. ಮಿಸ್ ಹೋಲ್ಡರ್ ಓಪಲ್ ಕಡೆ ನೋಡಿ ಕಣ್ಣು ಮಿಟುಕಿಸಿ ಹೊರಟುಹೋದರು.

“ನೀನೊಂದು ದೊಡ್ಡ ತಲೆನೋವು,” ಎಂದಳು ಓಪಲ್ ತಮ್ಮನಿಗೆ.

ನಿಜ ಹೇಳಬೇಕೆಂದರೆ ಓಪಲ್ ಇವತ್ತು ಇಲ್ಲಿ ಇರಲೇಬಾರದಿತ್ತು. ಇವತ್ತು ಅವಳ ಗೆಳತಿ ಕಮಾರಿಯ ಬರ್ತ್‌ಡೇ. ಅವರ ಕ್ಲಾಸಿನ ಹುಡುಗಿಯರೆಲ್ಲ ಪೇಟೆಯ ಸ್ಕೇಟಿಂಗ್ ಹಾಲ್‌ನಲ್ಲಿ ಸೇರಿದ್ದರು. ಓಪಲ್ ಕೂಡ ಗಿಫ್ಟಿಗೆ ಬಣ್ಣದ ಕಾಗದ ಸುತ್ತಿ ಇಟ್ಟಿದ್ದಳು. ಅಷ್ಟರಲ್ಲಿ ಅಮ್ಮನಿಗೆ ಆಸ್ಪತ್ರೆಯಿಂದ ಫೋನು ಬಂತು. ಜೊತೆಯ ನರ್ಸಿಗೆ ಜ್ವರವಂತೆ, ಅಮ್ಮ ಡ್ಯೂಟಿಗೆ ಹೋಗಲೇಬೇಕಂತೆ.

“ಅಜ್ಜಿ ನೋಡ್ಕೊಳ್ಳಲಿ ಅವನನ್ನ,” ಎಂದಿದ್ದಳು ಓಪಲ್.

“ನಾನು ಇವತ್ತು ಕಾಡಿಗೆ ಹೋಗಬೇಕು,” ಎಂದಿದ್ದಳು ಅಜ್ಜಿ. ಕೋರೀನ್ ಅಜ್ಜಿ ಒಂದು ಮಾತು ಹೇಳಿದಳೆಂದರೆ ಮುಗಿಯಿತು. “ನೀನೂ ಬಾ. ನಿನ್ನ ತಮ್ಮನ ಜವಾಬ್ದಾರಿ ನಿಂದು.”

ಹೀಗಾಗಿ ಓಪಲ್ ಫೆಬ್ರವರಿಯ ಚಳಿಯಲ್ಲಿ, ಮುಳ್ಳುಬಳ್ಳಿಗಳ ನಡುವೆ ನಿಂತು ರೇಸ್ ಕಾರಿನ ಬೆನ್ನು ಹತ್ತಿದ್ದಳು.

ಈ ಕಾಡಿನಲ್ಲಿ ಒಂದು ಕಾಲಕ್ಕೆ ಚರ್ಚ್ ಇತ್ತು. ಈಗ ಉಳಿದಿರುವುದು ಎರಡು ಮೆಟ್ಟಿಲು ಮಾತ್ರ. ಓಪಲ್ ಮನೆತನದವರ ಹಾಗೆ ಇಲ್ಲಿಯ ಕರಿಯ ಜನರೆಲ್ಲ ಆ ಚರ್ಚಿಗೆ ಬರುತ್ತಿದ್ದರು. ಸತ್ತವರನ್ನು ಅದರ ಹಿಂದೆಯೇ ಮಣ್ಣು ಮಾಡುತ್ತಿದ್ದರು. ಆಮೇಲೆ ಚರ್ಚನ್ನು ಹೆದ್ದಾರಿಯ ಆಚೆ ಹೊಸದಾಗಿ ಕಟ್ಟಿಕೊಂಡರು. ಮರದ ಕಂಪನಿಯವರು ಜಮೀನು ಕೊಂಡು ಸಾಲಾಗಿ ಪೈನ್ ನೆಟ್ಟು ಬೇಲಿ ಹಾಕಿದರು. ಗೋರಿಗಳು ಒಳಗೇ ಉಳಿದವು.

ಬೆಳಗ್ಗೆಯಿಂದ ಇಲ್ಲಿ ಕೆಲಸ ನಡೆದಿತ್ತು. ಮಿಸ್ ಹೋಲ್ಡರ್ ಹಿಡಿಕೆಯಿದ್ದ ತೆಳ್ಳನೆಯ ಕಬ್ಬಿಣದ ಸಲಾಕೆಯನ್ನು ಮೆಲ್ಲಗೆ ನೆಲಕ್ಕೆ ಒತ್ತುತ್ತಿದ್ದರು. ಅಗೆಯದ ನೆಲವಾದರೆ ಸಲಾಕೆ ಥಟ್ಟನೆ ನಿಲ್ಲುತ್ತಿತ್ತು. ಎಂದೋ ಅಗೆದು ಮುಚ್ಚಿದ ನೆಲವಾದರೆ ಸಲೀಸಾಗಿ ಇಳಿಯುತ್ತಿತ್ತು. ಇಳಿದಲ್ಲೆಲ್ಲ ಒಂದು ಬಾವುಟ. ಚರ್ಚಿನ ಹಿರಿಯರಾದ ರೂಫಸ್ ತಾತ ಮತ್ತು ಇನ್ನಷ್ಟು ಜನ ಬಳ್ಳಿ ಕತ್ತರಿಸಿ ದಾರಿ ಮಾಡಿಕೊಡುತ್ತಿದ್ದರು. ಕೊನೆಗೆ ಎಲ್ಲ ಬಾವುಟಗಳ ಸುತ್ತ ಮರದಿಂದ ಮರಕ್ಕೆ ಹಳದಿ ಪಟ್ಟಿ ಬಿಗಿಯುತ್ತ ಬಂದರು.

ಅಜ್ಜಿ ಮಾತ್ರ ಯಾರ ಜೊತೆಗೂ ಇರಲಿಲ್ಲ. ಕೋಲು ಊರಿಕೊಂಡು, ಒಂದೊಂದೇ ಗೋರಿಕಲ್ಲಿನ ಹತ್ತಿರ ನಿಂತು ನೋಡಿ, ತಲೆ ಅಲ್ಲಾಡಿಸಿ, ಮುಂದೆ ಹೋಗುತ್ತಿದ್ದಳು.

ಊಟದ ಹೊತ್ತಾಯಿತು. ರೂಫಸ್ ತಾತ ತಮ್ಮ ಲಾರಿಯ ಹಿಂಭಾಗದ ಹಲಗೆ ಇಳಿಸಿದರು. ಅಜ್ಜಿ ತಂದಿದ್ದ ಡಬ್ಬಿಗಳನ್ನು ಓಪಲ್ ತೆರೆದಿಟ್ಟಳು. ಕರಿದ ಕೋಳಿ, ಮೆಕ್ಕೆಜೋಳದ ಬ್ರೆಡ್ಡು, ಬೇಯಿಸಿದ ಸೊಪ್ಪು. ಮಿಸ್ ಹೋಲ್ಡರ್ ದೂರದಲ್ಲಿ ಒಂದು ದಿಮ್ಮಿಯ ಮೇಲೆ ಕುಳಿತು ಪ್ಯಾಕೆಟ್ ಬಿಸ್ಕತ್ತು ಬಿಚ್ಚುತ್ತಿದ್ದರು.

“ಅಜ್ಜಿ, ಅವರಿಗೂ ಒಂದು ತಟ್ಟೆ ಕೊಡ್ಲಾ?”

“ಅವರು ಕೌಂಟಿಯೋರು,” ಎಂದಳು ಅಜ್ಜಿ. “ಅವರ ಊಟ ಅವರು ತಂದ್ಕೊಂಡಿದಾರೆ.”

ಓಪಲ್ ಬೆಚ್ಚಿದಳು. ಅಂಚೆಯವನಿಂದ ಹಿಡಿದು ದಾರಿತಪ್ಪಿ ಬಂದ ನಾಯಿಯವರೆಗೆ ಎಲ್ಲರಿಗೂ ಬಡಿಸುವ ಅಜ್ಜಿ ಇವಳೇನಾ?

“ನಾನೂ ನಿನ್ನ ತಾತನೂ ಆ ಆಫೀಸಿನ ಮೆಟ್ಟಿಲು ಹತ್ತಿ ಹತ್ತಿ ಸಾಕಾಗಿದ್ವಿ,” ಎಂದಳು ಅಜ್ಜಿ, ಕೋಳಿಯ ತುಂಡನ್ನು ಎಜ್ರಾನಿಗೆ ಬಿಡಿಸಿಕೊಡುತ್ತ. “ನಮ್ಮೋರು ಅಲ್ಲಿ ಮಲಗಿದಾರೆ, ಬೇಲಿ ತೆಗೆಸಿ ಅಂತ ಕೇಳಿದ್ವಿ. ಮ್ಯಾಪ್ ಬಿಚ್ಚಿ ತೋರ್ಸಿದ್ರು. ‘ಇಲ್ಲಿ ಸ್ಮಶಾನ ಅಂತ ಏನೂ ಇಲ್ಲವಲ್ಲಮ್ಮ’ ಅಂದ್ರು. ಪ್ರತಿ ಸಲಾನೂ ಅದೇ ಮಾತು. ನಿನ್ನ ತಾತ ತೀರಿಹೋಗೋವರೆಗೂ ಅದೇ ಮಾತು.”

“ಈಗ ಬಂದಿದಾರಲ್ಲ ಅಜ್ಜಿ.”

“ಬಂದಿದಾರೆ. ಮರದ ಕಂಪನಿಯೋರು ಈ ಕಾಡು ಕಡೀತಾರಂತೆ. ಸೋಮವಾರ ಕೌಂಟಿ ಕೌನ್ಸಿಲ್ಲಿಗೆ ಮ್ಯಾಪ್ ಹೋಗತ್ತೆ. ಹಳದಿ ಪಟ್ಟಿಯ ಒಳಗಡೆ ಯಾರೂ ಗರಗಸ ಇಡೋ ಹಾಗಿಲ್ಲ. ಹೊರಗಡೆ ಏನು ಬೇಕಾದ್ರೂ ಮಾಡ್ಬಹುದು.” ಅಜ್ಜಿ ಕಾಡಿನ ಕಡೆ ನೋಡಿದಳು. “ಸೈಲಸ್ ಇನ್ನೂ ಸಿಕ್ಕಿಲ್ಲ.”

“ಯಾರು ಸೈಲಸ್?”

“ನಮ್ಮಣ್ಣ.”

ಅಜ್ಜಿಗೆ ಒಬ್ಬ ಅಣ್ಣ ಇದ್ದ ಎಂಬುದೇ ಓಪಲ್‌ಗೆ ಗೊತ್ತಿರಲಿಲ್ಲ. ಅವಳು ಕೇಳಬೇಕೆನ್ನುವಷ್ಟರಲ್ಲಿ ಮಿಸ್ ಹೋಲ್ಡರ್ ಹತ್ತಿರ ಬಂದರು. ಬಿಸ್ಕತ್ತಿನ ಪುಡಿ ಕೋಟಿಗೆ ಅಂಟಿತ್ತು.

“ಮಿಸ್ ಕೋರೀನ್, ನಿಮ್ಮಣ್ಣನ ಕಲ್ಲು ಹೇಗಿತ್ತು ಅಂತ ಇನ್ನೊಂದ್ಸಲ ಹೇಳ್ತೀರಾ? ಕತ್ತಲಾಗೋದ್ರೊಳಗೆ ಮತ್ತೆ ಹುಡುಕೋಣ.”

“ಎತ್ತರದ ಕಲ್ಲು,” ಎಂದಳು ಅಜ್ಜಿ ಬಿಗಿಯಾಗಿ. “ನಮ್ಮಪ್ಪ ಸಿಮೆಂಟಿನಲ್ಲಿ ತಾನೇ ಎರಕ ಹೊಯ್ದು ಮಾಡಿದ್ದು. ಚೆನ್ನಾಗಿ ನೆನಪಿದೆ ನಂಗೆ. ಅದರ ಮೇಲೆ ಗಲ್ಲ ಊರಿ ನಿಂತ್ಕೋತಿದ್ದೆ.” ತನ್ನ ಎದೆಗಿಂತ ಮೇಲೆ ಕೈಯೆತ್ತಿ ತೋರಿಸಿದಳು.

“ಕೋರೀನ್, ಅಷ್ಟು ಎತ್ತರದ್ದು ಇಲ್ಲಿ ಒಂದೂ ಇಲ್ಲ ಕಣೇ,” ಎಂದರು ರೂಫಸ್ ತಾತ ಮೆಲ್ಲಗೆ. “ಮರ ನೆಡೋವಾಗ ಯಂತ್ರದಲ್ಲಿ ಎಳ್ಕೊಂಡು ಹೋಗಿರಬೇಕು.”

ಅಜ್ಜಿ ಡಬ್ಬಿಯ ಮುಚ್ಚಳ ಹಾಕಿದಳು.

ಊಟವಾದ ಮೇಲೆ ಎಲ್ಲರೂ ಮತ್ತೆ ಹುಡುಕಲು ಹೋದರು. ಓಪಲ್ ದಿಮ್ಮಿಯ ಮೇಲೆ ಕುಳಿತಳು. ಎಜ್ರಾ ಪಕ್ಕದಲ್ಲಿ ಪೈನ್ ಕಾಯಿಗಳನ್ನು ಸಾಲಾಗಿ ಜೋಡಿಸಿ ಟ್ರಾಫಿಕ್ ಜಾಮ್ ಮಾಡುತ್ತಿದ್ದ. ಆಗ ಫೋನು ಟಿಣ್ ಎಂದಿತು. ಕಮಾರಿ ವಿಡಿಯೋ ಕಳಿಸಿದ್ದಳು. ಬಣ್ಣದ ದೀಪ, ಜೋರು ಹಾಡು, ಎಲ್ಲರೂ ಕೈಕೈ ಹಿಡಿದು ಸ್ಕೇಟಿಂಗ್ ಮಾಡುತ್ತ ದಬದಬ ಬೀಳುವುದು, ನಗುವುದು. ‘ಮಿಸ್ ಯೂ ಓಪಲ್’ ಎಂದು ಎಲ್ಲರೂ ಒಟ್ಟಿಗೆ ಕಿರುಚಿದ್ದರು.

ಓಪಲ್ ಅದನ್ನು ಇನ್ನೊಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು.

ತಲೆ ಎತ್ತಿದಾಗ ಟ್ರಾಫಿಕ್ ಜಾಮ್ ಇತ್ತು. ಎಜ್ರಾ ಇರಲಿಲ್ಲ.

“ಎಜ್ರಾ?”

ಅವಳು ದಿಮ್ಮಿಯಿಂದ ಎದ್ದಳು.

“ಎಜ್ರಾ! ತಮಾಷೆ ಸಾಕು, ಬಾ ಈಚೆ!”

ಮರಗಳು ಒಂದೇ ತರಹ ಸಾಲಾಗಿ ನಿಂತಿದ್ದವು. ಎತ್ತ ನೋಡಿದರೂ ಅದೇ ಸಾಲು. ಕಾಡಿನ ಆಚೆ ಹಳ್ಳ ಇದೆ. ಅದಕ್ಕೂ ಆಚೆ ಹೆದ್ದಾರಿ. ಅವಳು ಫೋನನ್ನು ಜೇಬಿಗೆ ತುರುಕಿ ಓಡಿದಳು. ಮೆಟ್ಟಿಲ ಹಿಂದೆ ನೋಡಿದಳು. ಲಾರಿಯ ಕೆಳಗೆ ನೋಡಿದಳು. ಬಾವುಟಗಳ ನಡುವೆ ಜಾಗರೂಕತೆಯಿಂದ ಕಾಲಿಟ್ಟು ಇನ್ನೊಂದು ತುದಿಗೆ ಬಂದಳು. ಅಲ್ಲಿ ಹಳದಿ ಪಟ್ಟಿ ಮುಗಿಯುತ್ತಿತ್ತು. ಆಚೆ, ಮರ ಸಾಗಿಸುವ ಲಾರಿಗಳು ಓಡಾಡಿ ಓಡಾಡಿ ಆಳವಾದ ದಾರಿಯಾಗಿತ್ತು. ಕೆಸರಿನಲ್ಲಿ ಚಿಕ್ಕ ಚಿಕ್ಕ ಬೂಟಿನ ಗುರುತು.

“ಎಜ್ರಾ!”

“ಇಲ್ಲಿದೀನಿ,” ಎಂದಿತು ಒಂದು ತೂಕಡಿಕೆಯ ದನಿ.

ಓಪಲ್ ಪಟ್ಟಿಯ ಕೆಳಗೆ ನುಸುಳಿ ದಾರಿ ದಾಟಿದಳು. ಮುಳ್ಳುಬಳ್ಳಿಯ ಒಂದು ದೊಡ್ಡ ಪೊದೆ. ನರಿಯೋ ನಾಯಿಯೋ ಹಾಯ್ದುಹೋಗಿ ಅದರಲ್ಲಿ ಒಂದು ಕಂಡಿ ಬಿದ್ದಿತ್ತು. ತೂರಿ ನೋಡಿದಳು. ಒಳಗೆ ಹಳದಿ ಹೂವಿನ ಡ್ಯಾಫೊಡಿಲ್ ಗಿಡಗಳು ಒತ್ತಾಗಿ ಬೆಳೆದಿದ್ದವು. ನಡುವೆ ಎಜ್ರಾ ನಿಂತಿದ್ದ. ಎದುರಿಗೆ ಪಾಚಿ ಹಿಡಿದು ಬೂದು ಹಸಿರಾದ ಒಂದು ಮೋಟು ಕಲ್ಲು. ಅದರ ಮೇಲೆ ಎರಡೂ ಕೈ ಮಡಿಸಿಟ್ಟು, ಕೈಮೇಲೆ ಗಲ್ಲ ಊರಿ, ಅರ್ಧ ಕಣ್ಣು ಮುಚ್ಚಿಕೊಂಡಿದ್ದ.

ಓಪಲ್ ಅವನನ್ನು ಗದರಿಸಬೇಕೆಂದು ಬಾಯಿ ತೆರೆದಳು. ಗದರಿಸಲಿಲ್ಲ. ಅವನನ್ನೇ ನೋಡುತ್ತ ನಿಂತಳು.

ಆಮೇಲೆ ಹಿಂದಕ್ಕೆ ತಿರುಗಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು.

“ಅಜ್ಜೀ! ಅಜ್ಜೀ, ಬಾ ಇಲ್ಲಿ!”

ಎಲ್ಲರೂ ಗಾಬರಿಯಿಂದ ಓಡಿ ಬಂದರು. ಮಗುವಿಗೆ ಏನೋ ಆಗಿದೆ ಎಂದೇ ಅವರೆಲ್ಲ ತಿಳಿದಿದ್ದರು. ಅಜ್ಜಿ ಕೋಲು ಬಿಟ್ಟು ಬಂದಿದ್ದಳು. ಮೊಣಕೈಗೆ ಮುಳ್ಳು ತರಚಿತ್ತು.

“ಏನಾಯ್ತೇ? ಬಿದ್ನಾ? ಹಾವು ಗೀವು ಏನಾದ್ರೂ...”

“ಏನೂ ಆಗಿಲ್ಲ ಅಜ್ಜಿ. ಒಂದು ಮಾತು ಹೇಳು. ನೀನು ಕಲ್ಲಿನ ಮೇಲೆ ಗಲ್ಲ ಊರಿ ನಿಂತ್ಕೋತಿದ್ದೆ ಅಂದ್ಯಲ್ಲ, ಆಗ ನೀನು ಎಷ್ಟು ದೊಡ್ಡೋಳಿದ್ದೆ?”

“ದೊಡ್ಡೋಳಾ? ಎಲ್ಲಿ ದೊಡ್ಡೋಳು. ಸೈಲಸ್‌ಗೆ ಹತ್ತು ವರ್ಷ. ನಾನು...” ಅಜ್ಜಿಯ ಕಣ್ಣು ಪೊದೆಯ ಒಳಗೆ ಹೋಯಿತು. ಎಜ್ರಾ ಗಲ್ಲ ಊರಿ ನಿಂತೇ ಇದ್ದ. “ನಾನು ಇವನಷ್ಟಿದ್ದೆ,” ಎಂದಳು.

ಅಜ್ಜಿ ಬಳ್ಳಿಯನ್ನು ಬರಿಗೈಯಲ್ಲೇ ಸರಿಸತೊಡಗಿದಳು. ರೂಫಸ್ ತಾತ ಕತ್ತರಿ ಹಿಡಿದು ಮುಂದೆ ಬಂದರು. ದಾರಿಯಾದ ಮೇಲೆ ಅಜ್ಜಿ ಕಲ್ಲಿನ ಎದುರು ಮೊಣಕಾಲೂರಿ ಕುಳಿತಳು. ಅಂಗೈಯಿಂದ ಪಾಚಿಯನ್ನು ಉಜ್ಜಿದಳು. ಕಲ್ಲಿನ ಮೇಲೆ ಅಕ್ಷರ ಇರಲಿಲ್ಲ. ಗುಂಡಗಿನ ಸಣ್ಣ ಸಣ್ಣ ಗುಳಿಗಳು ಮಾತ್ರ ಇದ್ದವು. ಅವಳ ಬೆರಳು ಒಂದೊಂದೇ ಗುಳಿಯನ್ನು ಮುಟ್ಟುತ್ತ ಹೋಯಿತು. ಕೆಳಗಿನ ಮೂಲೆಯಲ್ಲಿ ನಿಂತಿತು.

ಆ ಗುಳಿ ಖಾಲಿ ಇರಲಿಲ್ಲ. ಒಳಗೆ ನೀಲಿಯದೇನೋ ಹೊಳೆಯಿತು.

“ಗೋಲಿ,” ಎಂದಳು ಅಜ್ಜಿ. “ಅಯ್ಯೋ, ಗೋಲಿ! ಮರೆತೇಹೋಗಿತ್ತು ನಂಗೆ. ಸೈಲಸ್‌ನ ಗೋಲಿಗಳು ಕಣ್ರೋ! ಅಕ್ಷರ ಬರೆಯೋಕೆ ನಮ್ಮಪ್ಪನಿಗೆ ಬರ್ತಿರಲಿಲ್ಲ. ಸಿಮೆಂಟು ಹಸಿ ಇದ್ದಾಗಲೇ ಅವನ ಗೋಲಿನೆಲ್ಲ ತಂದು ಒತ್ತಿದ್ದ. ನಾನೂ ಒತ್ತಿದ್ದೆ. ಕೆಳಗಡೆದು ನಾನೇ ಒತ್ತಿದ್ದು, ನೆಲದ ಮೇಲೆ ಮಲಗಿಸಿದ್ದ ಅಚ್ಚಿನ ಆ ಮೂಲೆಗೇ ನಂಗೆ ಕೈ ಎಟುಕ್ತಿದ್ದಿದ್ದು!”

ರೂಫಸ್ ತಾತ ಹ್ಯಾಟು ತೆಗೆದು ಎದೆಗೊತ್ತಿಕೊಂಡರು.

ಮಿಸ್ ಹೋಲ್ಡರ್ ಕಲ್ಲನ್ನು ನೋಡಿದರು. ಹಿಂದೆ, ಲಾರಿ ದಾರಿಯ ಆಚೆ ಇದ್ದ ಹಳದಿ ಪಟ್ಟಿಯನ್ನು ನೋಡಿದರು. ಅವರ ಮುಖ ಕೆಂಪಾಯಿತು.

“ಈ ದಾರಿಗೇ ಸ್ಮಶಾನ ಮುಗೀತು ಅಂದ್ಕೊಂಡೆ ನಾನು,” ಎಂದರು. “ದಾರಿ ಆಮೇಲೆ ಆಗಿದ್ದು. ಸ್ಮಶಾನದ ನಡುವೇನೇ ಹಾಯಿಸಿಬಿಟ್ಟಿದಾರೆ. ನನಗೆ ಹೊಳೀಬೇಕಿತ್ತು.”

ಅವರು ಸಲಾಕೆ ತಂದರು. ಕಲ್ಲಿನ ಮುಂದೆ ಒತ್ತಿದರು. ಸಲೀಸಾಗಿ ಇಳಿಯಿತು. ಒಂದಿಷ್ಟು ಆಚೆ ಒತ್ತಿದರು. ಅಲ್ಲಿಯೂ ಇಳಿಯಿತು. ಇನ್ನೂ ಆಚೆ ಒತ್ತಿದರು. ಹಿಂದಿನವರು ಗೋರಿಗಳ ಮೇಲೆ ನೆಟ್ಟ ಡ್ಯಾಫೊಡಿಲ್ ಎಲ್ಲಿಯವರೆಗೆ ಬೆಳೆದಿತ್ತೋ ಅಲ್ಲಿಯವರೆಗೂ ನೆಲ ಮೆತ್ತಗಿತ್ತು.

“ನಿಮ್ಮಣ್ಣ ಒಬ್ಬನೇ ಅಲ್ಲ, ಮಿಸ್ ಕೋರೀನ್,” ಎಂದರು ಮಿಸ್ ಹೋಲ್ಡರ್. “ಇಲ್ಲಿ ಇನ್ನೂ ತುಂಬ ಜನ ಇದಾರೆ.” ಅವರು ತಿರುಗಿ ಎಲ್ಲರಿಗೂ ಹೇಳಿದರು, “ಪಟ್ಟಿ ಬಿಚ್ಚಿ. ಮತ್ತೆ ಮೊದಲಿಂದ ಕಟ್ಟೋಣ.”

ಮಧ್ಯಾಹ್ನವೆಲ್ಲ ಅದೇ ಕೆಲಸವಾಯಿತು. ಈ ಸಲ ಓಪಲ್ ದಿಮ್ಮಿಯ ಮೇಲೆ ಕೂರಲಿಲ್ಲ. ಬಾವುಟದ ಕಟ್ಟು ಹಿಡಿದು ಮಿಸ್ ಹೋಲ್ಡರ್ ಹಿಂದೆಯೇ ನಡೆದಳು. ಸಲಾಕೆ ಇಳಿದಾಗಲೆಲ್ಲ ಒಂದೊಂದು ಬಾವುಟ ತೆಗೆದು ಎಜ್ರಾನ ಕೈಗೆ ಕೊಟ್ಟಳು. ಎಜ್ರಾ ನಾಲಿಗೆ ಕಚ್ಚಿಕೊಂಡು, ಬಹಳ ಗಂಭೀರವಾಗಿ ಮಣ್ಣಿಗೆ ಚುಚ್ಚಿದ. ಒಂದನ್ನೂ ಕೀಳಲಿಲ್ಲ.

“ನಿಮಗೆ ಹೆದರಿಕೆ ಆಗಲ್ವಾ, ಯಾವಾಗ್ಲೂ ಇಂಥ ಕಡೆ ಕೆಲಸ ಮಾಡೋಕೆ?” ಎಂದು ಕೇಳಿದಳು ಓಪಲ್.

“ಇಲ್ಲಿ ಹೆದರಿಕೆ ಆಗಲ್ಲ,” ಎಂದರು ಮಿಸ್ ಹೋಲ್ಡರ್. “ಸೋಮವಾರ ಕೌನ್ಸಿಲ್ ಮುಂದೆ ನಿಂತು ಮಾತಾಡ್ಬೇಕಲ್ಲ, ಅದಕ್ಕೇ ಹೆದರಿಕೆ ಆಗತ್ತೆ.”

ಓಪಲ್‌ಗೆ ನಗು ಬಂತು. ಕ್ಲಾಸಿನ ಮುಂದೆ ನಿಂತು ಪ್ರಾಜೆಕ್ಟ್ ಹೇಳುವಾಗ ಅವಳಿಗೂ ಹಾಗೆಯೇ ಆಗುತ್ತಿತ್ತು.

“ನಿಮ್ಮಜ್ಜಿ ಬರ್ತಾರಾ ಅವತ್ತು?” ಎಂದು ಮಿಸ್ ಹೋಲ್ಡರ್ ದನಿ ತಗ್ಗಿಸಿ ಕೇಳಿದರು. “ನನ್ನ ಜೊತೆ ಒಬ್ಬರು ನಿಂತ್ಕೊಂಡ್ರೆ ಧೈರ್ಯ.”

“ನೀವೇ ಕೇಳಿ,” ಎಂದಳು ಓಪಲ್. ಮನಸ್ಸಿನಲ್ಲಿ ಮಾತ್ರ, ಅಜ್ಜಿ ಏನೆನ್ನುತ್ತಾಳೋ ಎಂದು ಅಳುಕಿತು.

ಕೇಳುವ ಮೊದಲೇ ಅಜ್ಜಿ ಬಂದಳು. ಕೈಯಲ್ಲಿ ತಟ್ಟೆ ಇತ್ತು. ಕೋಳಿಯ ದೊಡ್ಡ ತುಂಡು, ಸೊಪ್ಪು, ಅಂಚಿನ ಗರಿಗರಿ ಬ್ರೆಡ್ಡು. ಅಂಚಿನ ತುಂಡನ್ನು ಅಜ್ಜಿ ಮನೆಯಲ್ಲಿ ಯಾರಿಗೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

“ತಿನ್ನು,” ಎಂದಳು ಮಿಸ್ ಹೋಲ್ಡರ್‌ಗೆ. “ಬೆಳಗ್ಗೆಯಿಂದ ಬಿಸ್ಕತ್ತು ತಿಂದ್ಕೊಂಡು ಇಷ್ಟು ಕೆಲಸ ಮಾಡ್ತಾರಾ ಯಾರಾದ್ರೂ?”

“ಮಿಸ್ ಕೋರೀನ್, ಇದೆಲ್ಲ ಯಾಕೆ...”

“ನಿಂಗೆ ಥ್ಯಾಂಕ್ಸ್ ಹೇಳೋಕೆ ಬಂದೆ ಕಣಮ್ಮಾ. ತಟ್ಟೆ ಹಿಡಿ ಮೊದಲು.”

ಮಿಸ್ ಹೋಲ್ಡರ್ ತಟ್ಟೆ ಹಿಡಿದರು. ತಿನ್ನಲಿಲ್ಲ. “ನಂಗೆ ಥ್ಯಾಂಕ್ಸ್ ಹೇಳ್ಬೇಡಿ. ನೀವು ನಮ್ಮ ಆಫೀಸಿಗೆ ಬಂದು ಬಂದು ವಾಪಸ್ ಹೋಗಿದೀರಿ ಅಂತ ನಂಗೆ ಗೊತ್ತು. ನಾವು ತುಂಬ ತಡವಾಗಿ ಬಂದಿದೀವಿ.”

“ತಡವಾಗಿ ಬಂದಿದೀರಿ,” ಎಂದು ಅಜ್ಜಿ ಒಪ್ಪಿಕೊಂಡಳು. “ಆದ್ರೂ ನಾನಿರೋವಾಗಲೇ ಬಂದ್ರಿ. ಕಟ್ಟಿದ್ದ ಪಟ್ಟಿನ ಒಂದು ಮಾತಿಗೆ ಬಿಚ್ಚಿದೆ ನೀನು. ವಾದ ಮಾಡ್ಲಿಲ್ಲ. ನಾನು ಕಂಡಿರೋ ಆಫೀಸಿನೋರು ಯಾರೂ ಹಂಗೆ ಮಾಡೋರಲ್ಲ.” ಆಮೇಲೆ ಕೇಳಿದಳು. “ಸೋಮವಾರ ಎಷ್ಟೊತ್ತಿಗೆ ಬರ್ಬೇಕು?”

ಮಿಸ್ ಹೋಲ್ಡರ್ ಬ್ರೆಡ್ಡು ಬಾಯಿಗಿಟ್ಟುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಅವರು ಹೇಳಿದ್ದು ಬ್ರೆಡ್ಡು ಚೆನ್ನಾಗಿದೆ ಎಂದಷ್ಟೇ.

ಬಿಸಿಲು ಇಳಿಮುಖವಾದಾಗ ಹೊಸ ಪಟ್ಟಿ ಲಾರಿ ದಾರಿಯನ್ನು ದಾಟಿ, ಡ್ಯಾಫೊಡಿಲ್‌ಗಳನ್ನೆಲ್ಲ ಬಳಸಿಕೊಂಡು ಬಂದು ಸೇರಿತು. ರೂಫಸ್ ತಾತ ಗಂಟು ಬಿಗಿದರು. ಎಲ್ಲರೂ ಸಾಮಾನು ಕಟ್ಟತೊಡಗಿದರು.

“ನೀವು ನಡೀರಿ,” ಎಂದಳು ಅಜ್ಜಿ. “ನಾನು ಒಂದು ಗಳಿಗೆ ಕೂತು ಬರ್ತೀನಿ.”

ಓಪಲ್ ತಮ್ಮನ ಕೈಹಿಡಿದು ತುಸು ದೂರ ಹೋಗಿ ನಿಂತಳು. ಅಜ್ಜಿ ಕಲ್ಲಿನ ಪಕ್ಕದಲ್ಲಿ ಎಲೆಗಳ ಮೇಲೆ ಕುಳಿತಳು. ಎರಡೂ ಕಾಲನ್ನು ಮುಂದಕ್ಕೆ ನೀಡಿ, ಬೂಟಿನ ತುದಿಗಳನ್ನು ಆಡಿಸಿದಳು. ಅಜ್ಜಿ ಹಾಗೆ ಕುಳಿತಿದ್ದನ್ನು ಓಪಲ್ ನೋಡಿರಲಿಲ್ಲ.

ಆಮೇಲೆ ಅಜ್ಜಿ ಮಾತಾಡಲು ಶುರುಮಾಡಿದಳು. ಓಪಲ್‌ಗೆ ಎಲ್ಲ ಕೇಳಿಸಲಿಲ್ಲ. ಗಾಳಿ ಬೀಸಿದಾಗ ಒಂದೊಂದು ಮಾತು ಬರುತ್ತಿತ್ತು.

“...ಎಷ್ಟು ಹುಡುಕಿದೆ ಗೊತ್ತಾ ನಿನ್ನ? ಮರ ಎಲ್ಲಾ ಒಂದೇ ಥರ ಇದಾವೆ ಅಣ್ಣಾ, ದಾರೀನೇ ಗೊತ್ತಾಗ್ಲಿಲ್ಲ... ಹೂಂ, ಅಮ್ಮ ತುಂಬ ವರ್ಷ ಇದ್ಲು... ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಹಳ್ಳ ದಾಟ್ತಿದ್ಯಲ್ಲ, ಇನ್ಯಾರೂ ಹಂಗೆ ಎತ್ಕೊಳ್ಳಲಿಲ್ಲ ನನ್ನ...”

ಅದು ಅಜ್ಜಿಯ ದನಿಯೇ ಆಗಿರಲಿಲ್ಲ. ಅಡುಗೆಮನೆಯಿಂದ ಎಲ್ಲರನ್ನೂ ಅಂಕೆಯಲ್ಲಿಡುವ ದನಿ ಅಲ್ಲ. ಮುದ್ದುಮುದ್ದಾಗಿತ್ತು. ಒಂಚೂರು ದೂರು ಹೇಳುವ ಹಾಗೂ ಇತ್ತು.

ಎಜ್ರಾ ಕೈ ಜಗ್ಗಿದ. “ಅಜ್ಜಿ ಹತ್ರ ಹೋಗ್ತೀನಿ.”

“ಈಗ ಬೇಡ.” ಓಪಲ್ ಅವನನ್ನು ಎತ್ತಿಕೊಂಡಳು.

“ಯಾಕೆ?”

“ಅಜ್ಜಿ ಅವಳ ಅಣ್ಣನ ಹತ್ರ ಮಾತಾಡ್ತಿದಾಳೆ.”

ಎಜ್ರಾ ಕತ್ತು ಉದ್ದ ಮಾಡಿ ನೋಡಿದ. “ಅಜ್ಜಿಗೆ ಅಣ್ಣ ಇದಾನಾ?”

“ಇದಾನೆ.”

ಎಜ್ರಾ ಅಕ್ಕನ ಕಡೆ ತಿರುಗಿದ. “ಹಂಗಾದ್ರೆ ಅಜ್ಜಿ ಚಿಕ್ಕೋಳಾ?”

ಓಪಲ್ ಕಲ್ಲಿನ ಕಡೆ ನೋಡಿದಳು. ಅಜ್ಜಿ ನಗುತ್ತಿದ್ದಳು, ಕೆನ್ನೆ ಒರೆಸಿಕೊಳ್ಳುತ್ತಿದ್ದಳು, ಕಾಲು ಆಡಿಸುತ್ತಿದ್ದಳು.

“ಹೂಂ,” ಎಂದಳು ಓಪಲ್. “ಅವಳೇ ಚಿಕ್ಕೋಳು.”

ತಮ್ಮನ ಭಾರಕ್ಕೆ ತೋಳು ನೋಯತೊಡಗಿತ್ತು. ಅವಳು ಅವನನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿಕೊಂಡಳು. ಅಜ್ಜಿಯ ಮಾತು ಮುಗಿಯುವವರೆಗೂ ಅಲ್ಲಿಯೇ ನಿಂತಳು.